ಬಾವಲಿ ಗವಿಯ ಕೀಲಿ

"ಏ ರಂಡಿ, ಅಲ್ಲೇ ನಿಲ್ಲು! ದೇವರ ಮ್ಯಾಲೆ ನೆಳ್ಳ ಕೆಡವಬ್ಯಾಡ!"

ಕ್ವಾರಿ ಆಳುಗಳ ಮುಕಾದಮ ಶಿವರುದ್ರಪ್ಪ ಚೀರಿದ್ದಕ್ಕೆ ಮರೆಮ್ಮ ಗವಿಯ ಬಾಯಲ್ಲೇ ನಿಂತಳು. ಪುಣೆ ಕಡೆಯ ಸಾಸವಡದಾಚೆಯ ಗುಡ್ಡದ ಗವಿ. ಮುಂದೆ ಕುಂಕುಮ ಮೆತ್ತಿದ ಕಲ್ಲುದೇವರು, ಅದಕ್ಕೊಬ್ಬ ಪೂಜಾರಿ. ಹಿಂದೆ ತೆವಳಿಕೊಂಡೇ ಹೋಗಬೇಕಾದ ಕಿಂಡಿ, ಅದರ ತುಂಬ ಬಾವಲಿಯ ಹಿಕ್ಕೆ. ಕಿಂಡಿಯಾಚೆ ಬೇಸಿಗೆಯಲ್ಲೂ ಬತ್ತದ ನೀರು. ಕೆಳಗಿನ ಕಲ್ಲು ಕ್ವಾರಿಯಲ್ಲಿ ದುಡಿಯುವ, ಮರೆಮ್ಮನಂಥ ಕಲಬುರಗಿ ಕಡೆಯವರ ಗುಡಿಸಲುಗಳಿಗೆ ಅದೊಂದೇ ಆಸರೆ. ಪೂಜಾರಿ ಮನೆಗೆ ಹೋದ ಮೇಲೆ, ಬಾವಲಿಗಳು ಹೊರಬಿದ್ದ ಮೇಲೆ ಹೆಂಗಸರು ದೀಪವಿಲ್ಲದೆ ನುಸುಳಿ ನೀರು ತರುತ್ತಿದ್ದರು. "ಅವು ಹೊರಗ, ನಾವು ಒಳಗ," ಎನ್ನುತ್ತಿದ್ದಳು ಪಕ್ಕದ ಗುಡಿಸಲಿನ ರಂಗೂಬಾಯಿ.

ಆದರೆ ಈಗ ಹಾಡುಹಗಲು. ಪುಣೆಯಿಂದ ಬಾವಲಿ ಉಳಿಸುವ ಸಂಘದವರು ಬಂದಿದ್ದರು; ಅವರ ಸಾಮಾನು ಹೊತ್ತು ಮರೆಮ್ಮ ಬಂದಿದ್ದಳು. ಅವರ ಮುಖಂಡ ಮಧುಕರ ಸಾಹೇಬ ಕಿಂಡಿಗೆ ಇಣುಕಿ ಮೂಗು ಮುಚ್ಚಿಕೊಂಡು ಮುಕಾದಮನ ಕಿವಿಯಲ್ಲಿ ಏನೋ ಹೇಳಿದ.

"ಸಾಹೇಬ್ರು ಗವಿ ನಕಾಶೆ ತಗೀತಾರ. ಟೇಪು ಹಿಡಕೊಂಡು ಒಳಗ ಹೋಗು. ಹೇಲಿನಾಗ ಬೀಳೋದು ನಿಮಗೇನು ಹೊಸಾದಾ?" ಎಂದ ಶಿವರುದ್ರಪ್ಪ.

"ಈಗ ನೆಳ್ಳ ಬೀಳಂಗಿಲ್ಲೇನ್ರಿ?"

"ಪೂಜಾರಿ ದೇವರಿಗೆ ಟವೆಲು ಮುಚ್ಚತಾನ. ನೀ ಬಾಯಿ ಮುಚ್ಚು."

ಭಲೆ ನ್ಯಾಯ! ಒಂದು ಟವೆಲಿಗೆ ಮೈಲಿಗೆ ಕಳೆಯಿತು.

"ಮುಂದೂ ನೀರಿಗೆ ಬಿಡ್ತಾರೇನು, ಕೇಳ್ರಿ ಮೊದ್ಲು," ಎಂದಳು ಮರೆಮ್ಮ.

"ಪಾಣಿ ಘ್ಯಾ, ನಕ್ಕಿ," ಎಂದು ಸಾಹೇಬ ನಕ್ಕ. ನೀರು ಒಯ್ಯಿರಿ, ಖಂಡಿತ ಅಂತ. ಆ ಮಾತು ನಂಬಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತೆವಳಿದಳು. ಕಣ್ಣು, ಮೂಗು, ಬಾಯಿಗೆಲ್ಲ ಹಿಕ್ಕೆ. ಹೊರಬಂದಾಗ ಸಾಹೇಬ ಟೇಪನ್ನು ಎಲೆಯಲ್ಲಿ ಹಿಡಿದು ಇಸಿದುಕೊಂಡ.

ಮರುವರ್ಷದ ಬೇಸಿಗೆಗೆ ಗವಿಗೆ ಕಬ್ಬಿಣದ ಗೇಟು ಬಂತು. ಮಾಡಿಸಿಕೊಟ್ಟವನು ಕ್ವಾರಿಯ ಮಾಲಕ. ಕೀಲಿ ಪೂಜಾರಿಯ ಉಡಿದಾರದಲ್ಲಿ.

"ಮಂದಿ ಓಡಾಡಿದ್ರ ಬಾವಲಿಗೆ ತ್ರಾಸ ಆಗ್ತದಂತ," ಎಂದ ಮುಕಾದಮ.

"ಮಾಲಕ ಗುಡ್ಡಕ್ಕ ಮದ್ದು ತುಂಬಿ ಸುರಂಗ ಹಾರಸ್ತಾನಲ್ರಿ, ಅವಕ್ಕೇನು ಕಿವಿ ಕೆಪ್ಪೇನು? ನಮ್ಮ ಬರಿಗಾಲ ಸಪ್ಪಳಾನೇ ಕೇಳ್ತದೇನು?" ಎಂದಳು ಮರೆಮ್ಮ.

"ಭಾಳ ಮಾತಾಡಬ್ಯಾಡ. ನಾಳಿಂದ ಕೆಲಸಕ್ಕ ಬರಬೇಕೋ ಬ್ಯಾಡೋ?"

ಕುಡಿಯಲು ಕ್ವಾರಿಯ ತಗ್ಗಿನ, ಕಲ್ಲಿನ ಪುಡಿ ಬೆರೆತ ಬಿಳಿನೀರೇ ಗತಿಯಾಯಿತು. ರಂಗೂಬಾಯಿಯ ಸೊಸೆ ವಾಂತಿಭೇದಿಯಾಗಿ ಮಲಗಿದಳು.

ಗೇಟಿನ ಉದ್ಘಾಟನೆಗೆ ಪೆಂಡಾಲು, ಹಾರ, ಮಧುಕರ ಸಾಹೇಬ. ಪೂಜಾರಿ ಗವಿಯ ಬಾಯಲ್ಲೇ ಹೋಮ ಹೂಡಿದ. ಹೊಗೆ ಒಳನುಗ್ಗಿತು. ಕಿಂಡಿಯೊಳಗೆ ಚಿರ್ ಚಿರ್ ಸದ್ದೆದ್ದಿತು. ಎರಡು ಬಾವಲಿ ಮರಿಗಳು ದೇವರ ಮುಂದೆಯೇ ಉದುರಿ ಬಿದ್ದವು. ಸಾಹೇಬನ ಮುಖ ಕಪ್ಪಿಟ್ಟಿತು, ಆದರೆ ಹೋಮ ನಿಲ್ಲಿಸು ಎನ್ನಲು ನಾಲಿಗೆ ಏಳಲಿಲ್ಲ. ಒಳಗೆ ಸತ್ತವನ್ನು ಬಳಿಯಬೇಕಲ್ಲ?

"ಆ ಮರೆಮ್ಮನ್ನ ಕರೀರಿ!"

ಮತ್ತೆ ದೇವರಿಗೆ ಟವೆಲು, ಮತ್ತೆ ಸೊಂಟಕ್ಕೆ ಹಗ್ಗ. ಸತ್ತ ಮರಿ ತುಂಬಲೆಂದು ಶಿವರುದ್ರಪ್ಪ ಒಂದು ಕ್ಯಾನು ಕೊಟ್ಟ. ಮರೆಮ್ಮ ಅದನ್ನು ಹಿಡಿದು ಕಿಂಡಿಯೊಳಗೆ ನುಸುಳಿದಳು.

ಬಹಳ ಹೊತ್ತಾದರೂ ಸುಳಿವಿಲ್ಲ. "ಸತ್ತಗಿತ್ತಾಳೇನೋ ನಿನ್ನೌನ, ಎಳೀರಿ!" ಎಂದು ಶಿವರುದ್ರಪ್ಪನೇ ಹಗ್ಗಕ್ಕೆ ಕೈ ಹಾಕಿದ. ಭಾರವಾಗಿತ್ತು. ತುದಿಗೆ ಮರೆಮ್ಮ ಇರಲಿಲ್ಲ. ಹಗ್ಗಕ್ಕೆ ಕಟ್ಟಿದ, ಮುಚ್ಚಳವಿಲ್ಲದ ಕ್ಯಾನು ಕಲ್ಲಿಗೆ ತಾಗಿ ಮಗುಚಿಕೊಂಡಿತು. ತಣ್ಣನೆಯ ನೀರು ಹರಿದು ಹೋಮದ ಬೆಂಕಿ ಆರಿಹೋಯಿತು.

ಕಿಂಡಿಯೊಳಗಿಂದ ದನಿ ಬಂತು: "ಹಗ್ಗಕ್ಕ ಖಾಲಿ ಕೊಡ ಕಟ್ಟಿ ಒಳಗ ಬಿಡ್ರಿ! ನಮ್ಮ ಮಂದಿ ಕೊಡ ಅಷ್ಟೂ ತುಂಬೋತನ ನಾ ಹೊರಗ ಬರಂಗಿಲ್ಲ. ನಾಳೆನೂ ಇಲ್ಲೇ ಇರ್ತೀನಿ, ನಾಡಿದ್ದೂ ಇಲ್ಲೇ. ಯಾವನಿಗೆ ದಮ್ ಅದ, ಈ ಹೇಲಿನಾಗ ತೆವಳಿ ಬಂದು ನನ್ನ ಎಳದೊಯ್ಲಿ!"

ಸಾಹೇಬ ಮುಕಾದಮನ ಮುಖ ನೋಡಿದ, ಮುಕಾದಮ ಪೂಜಾರಿಯ ಮುಖ ನೋಡಿದ. ಕಿಂಡಿಗೆ ಯಾರೂ ಬಗ್ಗಲಿಲ್ಲ.

ಅಷ್ಟರಲ್ಲಿ ಪೆಂಡಾಲಿನ ಹಿಂದಿನಿಂದ ರಂಗೂಬಾಯಿ ಖಾಲಿ ಕೊಡ ಹಿಡಿದು ಬಂದಳು. ಅವಳ ಹಿಂದೆ ಗುಡಿಸಲುಗಳ ಹೆಂಗಸರೆಲ್ಲ. ಕಲ್ಲುದೇವರ ಮೇಲಿನ ಟವೆಲು ಹಗ್ಗಕ್ಕೆ ಸಿಕ್ಕಿ ಕೆಳಗೆ ಬಿದ್ದಿತ್ತು. ಪೂಜಾರಿ ಅದನ್ನೆತ್ತಿಕೊಳ್ಳಲು ಬಾಗಿದ. ರಂಗೂಬಾಯಿ ಟವೆಲಿನ ಮೇಲೆ ಕಾಲಿಟ್ಟು ದಾಟಿ, ಶಿವರುದ್ರಪ್ಪನ ಕೈಯಿಂದ ಹಗ್ಗ ಕಿತ್ತುಕೊಂಡು ಕೊಡದ ಕೊರಳಿಗೆ ಬಿಗಿದಳು.