ಹಸಿರು ಡಬ್ಬಿ

"ಬಾಯಿಗೆ ಎರಡು ಹನಿ ಬಿಡವ್ವ, ಪಾಪ, ಆಸೆ ಉಳ್ಕೋಬಾರ್ದು," ಎನ್ನುತ್ತ ಪಕ್ಕದ ಮನೆಯ ಪಿಳ್ಳಣ್ಣ ಬ್ರಾಂದಿ ಕ್ವಾರ್ಟರಿನ ಮುಚ್ಚಳ ತಿರುಗಿಸುವಷ್ಟರಲ್ಲಿ ರಾಣಿ ಅವನ ಕೈಗೆ ಹೊಡೆದಳು. ಬಾಟಲಿ ಚಟ್ಟದ ಪಕ್ಕ ಉರುಳಿತು.

"ನಮ್ಮಪ್ಪ ಯಾವತ್ತು ಕುಡಿದಿದ್ರು? ಹೇಳಿ!"

ಪಿಳ್ಳಣ್ಣ ಪೆಚ್ಚಾದ. "ಲಿವರ್ ಓಯ್ತು ಅಂದ್ರಲ್ಲವ್ವಾ... ನಿಮ್ಮ ಸುಬ್ರಮಣಿ ಮಾವನೇ ದುಡ್ಡು ಕೊಟ್ಟು ತರ್ಸಿದ್ದು."

ಸೋದರಮಾವ ಸುಬ್ರಮಣಿ ಶಾಮಿಯಾನದ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಅಬ್ಬಾ, ಎಂಥ ಸಂಕೋಚ! ಬಾಟಲಿ ತರಿಸುವಾಗ ಎಲ್ಲಿ ಹೋಗಿತ್ತೋ.

*

ಯಶವಂತಪುರದ ಈರುಳ್ಳಿ ಮಂಡಿಯಲ್ಲಿ ಕೂತು ತೂಕ ನೋಡುವ ಕೆಲಸ ರಾಣಿಯ ಅಪ್ಪ ಆನಂದಪ್ಪನದು. ಚಟವೆಂದರೆ ಟೀ, ಅದೂ ಸಕ್ಕರೆ ಮುಂದಾಗಿ. ಮೂರು ತಿಂಗಳ ಹಿಂದೆ ಸ್ಕ್ಯಾನಿಂಗಿನಲ್ಲಿ ಫ್ಯಾಟಿ ಲಿವರ್ ಎಂದು ಬಂತು. ಸಕ್ಕರೆ ಬಿಡಿ, ನಡೆಯಿರಿ, ಕೇಳದೆ ಯಾವ ಔಷಧಿಯನ್ನೂ ತಗೋಬೇಡಿ ಎಂದರು ಡಾಕ್ಟರು.

ಅದೇ ಸಂಜೆ, ಗಿಡಮೂಲಿಕೆ ಪುಡಿ ಮಾರುವ ಸುಬ್ರಮಣಿ ಬಂದ. "ನಡೆಯೋದ್ಯಾಕೆ ಭಾವ? ನನ್ನ ಪುಡಿ ಇದೆಯಲ್ಲ. ಲಿವರ್ ತೊಳ್ದು ಇಟ್ಬಿಡತ್ತೆ."

ಭಾಮೈದನ ಮಾತನ್ನು ಆನಂದಪ್ಪ ತೆಗೆದುಹಾಕುವವನಲ್ಲ. ಬೇಗ ವಾಸಿಯಾಗಲಿ ಎಂದು ಒಂದರ ಬದಲು ಎರಡು ಚಮಚ ಕದಡಿ ಕುಡಿದ.

ಐದನೇ ವಾರ ಕಣ್ಣು ಹಳದಿಯಾಯಿತು. "ಕಸ ಆಚೆ ಬರ್ತಿದೆ, ನಿಲ್ಲಿಸ್ಬೇಡಿ," ಎಂದ ಸುಬ್ರಮಣಿ, ಫೋನಿನಲ್ಲೇ. ನಿಲ್ಲಿಸಲಿಲ್ಲ. ಆಸ್ಪತ್ರೆ ಸೇರುವ ಹೊತ್ತಿಗೆ ಅಪ್ಪನಿಗೆ ಮಗಳ ಗುರುತೂ ಸಿಗಲಿಲ್ಲ.

"ಕೊಬ್ಬು ತುಂಬಿದ ಲಿವರ್ ಮೊದಲೇ ಸೋತಿರತ್ತಮ್ಮ," ಎಂದರು ಡಾಕ್ಟರು. "ಅದರ ಮೇಲೆ ಈ ವಿಷ ಯಾಕೆ ಹಾಕಿದ್ರಿ?"

*

ರಾಣಿ ಒಳಗಿಂದ ಹಸಿರು ಡಬ್ಬಿ ತಂದು ಅಪ್ಪನ ಕಾಲ ಬಳಿ ಕುಕ್ಕಿದಳು. ಅದರ ಮೇಲೆ ಸುಬ್ರಮಣಿಯ ನಗುವ ಫೋಟೊ, ಕೆಳಗೆ ಅವನ ಫೋನ್ ನಂಬರು.

"ಅಪ್ಪ ಕುಡಿದಿದ್ದು ಇದನ್ನ. ಬಿಡೋದಾದ್ರೆ ಇದನ್ನೇ ಬಾಯಿಗೆ ಬಿಡಿ!"

"ಮಾನ ಕಳೀಬೇಡ ಕಣೇ," ಸುಬ್ರಮಣಿ ಗೊಣಗಿದ. "ಎಷ್ಟೋ ಜನ ತಗೋತಿದಾರೆ."

"ಯಾರ ಮಾನ ಮಾವ? ಸತ್ತೋರನ್ನ ಕುಡುಕ ಮಾಡಿ ಉಳಿಸ್ಕೊಳಕ್ಕೆ ಹೊರಟ್ರಲ್ಲ, ಆ ಮಾನಾನಾ?"

ಗಂಡನ ತಲೆಯ ಬಳಿ ಕೂತಿದ್ದ ಮುನಿಯಲ್ಲಮ್ಮ ಅಳು ನಿಲ್ಲಿಸಿ ತಮ್ಮನ ಮುಖ ನೋಡಿದಳು.

ಎದುರು ಮನೆಯ ಲಕ್ಷ್ಮಿದೇವಮ್ಮ ಎದ್ದು ದಡದಡನೆ ಹೋದಳು. ವಾಪಸು ಬಂದಾಗ ಕೈಯಲ್ಲಿ ಅದೇ ಡಬ್ಬಿ, ಅರ್ಧ ಖಾಲಿ. "ನಮ್ಮೆಜಮಾನ್ರು ಬೆಳಿಗ್ಗೇನೂ ಕುಡುದ್ರು ಕಣೇ ರಾಣಿ," ಎಂದಳು. ಅವಳ ಹಿಂದೆ ಮೂಲೆಮನೆಯವರೂ ಎದ್ದರು.

ಹೆಣ ಎತ್ತುವ ಹೊತ್ತಿಗೆ ಆನಂದಪ್ಪನ ಕಾಲ ಬಳಿ ಏಳು ಹಸಿರು ಡಬ್ಬಿಗಳಿದ್ದವು. ಏಳರ ಮೇಲೂ ಸುಬ್ರಮಣಿ ನಗುತ್ತಿದ್ದ.