ಪಕ್ಕದ ಸೀಟಿನ ಮತ

ಮತ್ತೆ ಟೀ ವಾಸನೆ, ಸಕ್ಕರೆ ಜಾಸ್ತಿಯಾದ ಟೀ, ಗಂಡಸಿನ ಮೀಸೆಯಲ್ಲಿ ಸಿಕ್ಕಿಕೊಂಡು ಅಲ್ಲೇ ಆರುತ್ತಿರುವ ಟೀ, ಎಡಗಡೆಯಿಂದ ಬರುತ್ತಿದೆ, ಎಡಗಡೆ ಯಾರೂ ಇಲ್ಲ — ತಿರುಗಿ ನೋಡಬಾರದು ಅಂದುಕೊಳ್ಳುತ್ತಲೇ ಅವನು ತಿರುಗಿ ನೋಡಿದ, ಖಾಲಿ ಕುರ್ಚಿ, ಮುಂದೆ ಮೇಜಿನ ಮೇಲೆ ಬಿಳಿ ಹೂವಿನ ಗುಚ್ಛ, ಅದಕ್ಕೆ ಸುತ್ತಿದ ಪ್ಲಾಸ್ಟಿಕ್ಕು ಏಸಿ ಗಾಳಿಗೆ ಚರಚರ ಅನ್ನುತ್ತಿದೆ, ಅಷ್ಟೇ, ಸತ್ತವನು ಸತ್ತ, ಹೆಣಕ್ಕೆ ಹೆಗಲು ಕೊಟ್ಟವನೇ ತಾನು, ಎಷ್ಟು ಭಾರವಿದ್ದ ಮಾರಾಯ, ಭುಜ ಇನ್ನೂ ನೋಯುತ್ತಿದೆ. ಆದರೂ ಆ ಕುರ್ಚಿಯ ಮೆತ್ತೆ ಯಾಕೆ ಹಾಗೆ ಕುಸಿದಿದೆ, ಈಗಷ್ಟೇ ಯಾರೋ ಎದ್ದು ಹೋದ ಹಾಗೆ, ಇಲ್ಲ, ಇನ್ನೂ ಎದ್ದೇ ಇಲ್ಲದ ಹಾಗೆ. ಮೀಸೆ ಅಂದರೆ ಮೀಸೆ, ಇಡೀ ಸದನ ಆ ಸತ್ತವನನ್ನು ಕರೆಯುತ್ತಿದ್ದದ್ದೇ ಹಾಗೆ, ಸಭಾಧ್ಯಕ್ಷರೇ ಒಮ್ಮೆ ಬಾಯಿತಪ್ಪಿ ಮಾನ್ಯ ಮೀಸೆಯವರೇ ಕೂತ್ಕೊಳ್ಳಿ ಅಂದುಬಿಟ್ಟು, ಆಮೇಲೆ ಕಡತದಿಂದ ಆ ಮಾತು ತೆಗೆಸಿದ್ದರು. ಈ ಸದನದಲ್ಲಿ ಇಬ್ಬಿಬ್ಬರಿಗೆ ಒಂದು ಮೇಜು, ಒಂದೇ ಮುಚ್ಚಳದ ಕೆಳಗೆ ಇಬ್ಬರ ಮತದ ಗುಂಡಿಗಳೂ, ಬಲಗಡೆಯ ಮೂರು ತನ್ನವು, ಎಡಗಡೆಯ ಮೂರು ಮೀಸೆಯವು, ಹಸಿರು ಅಂದರೆ ಹೌದು, ಕೆಂಪು ಅಂದರೆ ಇಲ್ಲ, ಹಳದಿ ಅಂದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಮೀಸೆಯ ಮೂರರ ಮೇಲೂ ಈಗ ಕಪ್ಪು ಟೇಪು. ಬೆಳಿಗ್ಗೆ ಕರೆಂಟಿನವನು ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತು ಅಂಟಿಸುತ್ತಿದ್ದ, ಈ ಸೀಟಿನ ಲೈನ್ ತೆಗ್ದಿದೀವಿ ಸಾರ್, ಸುಮ್ನೆ ಯಾರೂ ಕೈ ಹಾಕ್ದೇ ಇರ್ಲಿ ಅಂತ ಟೇಪು. ಯಾರಪ್ಪಾ ಕೈ ಹಾಕ್ತಾರೆ ಇದಕ್ಕೆ ಎಂದು ತಾನು ನಕ್ಕಿದ್ದ, ಕರೆಂಟಿನವನು ನಗಲಿಲ್ಲ. ಎಲ್ಲ ಗೊತ್ತಿರುವವನ ಹಾಗೆ ಮುಖ ಮಾಡಿದ. ಗೊತ್ತಿರಲಿ ಬಿಡು, ಗೊತ್ತಿಲ್ಲದವರು ಯಾರಿದ್ದಾರೆ, ನಿಯಮದಲ್ಲಿ ಇಲ್ಲದಿದ್ದರೂ ರೂಢಿಯಲ್ಲಿದೆ, ಒಬ್ಬ ಟೀಗೆ ಹೋದರೆ ಇನ್ನೊಬ್ಬ ಅವನದನ್ನೂ ಒತ್ತಬೇಕು, ಎಡಗೈ ಒಂದು, ಬಲಗೈ ಒಂದು, ಗೋಡೆಯ ಮೇಲಿನ ದೊಡ್ಡ ಹಲಗೆಯಲ್ಲಿ ಅಕ್ಕಪಕ್ಕ ಎರಡು ಹಸಿರು ದೀಪ, ಮತ ಮುಗಿದು ಬಾಗಿಲು ತೆರೆದ ಮೇಲೆ ಹೊರಗಿನಿಂದ ಬಂದವನು ಬಾಯಿ ಒರೆಸಿಕೊಳ್ಳುತ್ತಾ ಕೇಳುವ ಮಾತೂ ಒಂದೇ — ಆಯ್ತಾ, ನಂದೂ ಒತ್ತಿದ್ಯಾ.

ಆಯ್ತಾ, ನಂದೂ ಒತ್ತಿದ್ಯಾ, ಎಂಥ ಮಾತು ಅದು, ಬಟ್ಟೆ ಇಸ್ತ್ರಿಗೆ ಕೊಟ್ಟವನು ಕೇಳುವ ಹಾಗೆ. ಆರೋಗ್ಯ ಮಂತ್ರಿ ಎದ್ದುನಿಂತು ಓದುತ್ತಿದ್ದಾರೆ, ದನಿ ಮೇಲೇಳುವುದಿಲ್ಲ ಕೆಳಗಿಳಿಯುವುದಿಲ್ಲ, ಎಳೆಗೂಸುಗಳ ವಾರ್ಡುಗಳಿಗೂ ಸದರಿ ವ್ಯವಸ್ಥೆಯನ್ನು ವಿಸ್ತರಿಸತಕ್ಕದ್ದು, ರಾತ್ರಿ ಪಾಳಿಗೆ ವಾರ್ಡಿಗೆ ಒಬ್ಬರೇ ನರ್ಸ್, ಸದರಿ, ತಕ್ಕದ್ದು. ಮಗಳು ಮೇಲೆ ವೀಕ್ಷಕರ ಗ್ಯಾಲರಿಯಲ್ಲಿ ಕೂತಿದ್ದಾಳೆ, ಎರಡನೇ ಸಾಲು, ಪಾಳಿ ಮುಗಿಸಿ ಹಾಗೇ ಬಂದಿದ್ದಾಳೆ, ಕಾಲರಿಗೆ ಗಡಿಯಾರ ಸಿಕ್ಕಿಸಿಕೊಂಡೇ ಇದ್ದಾಳೆ, ಎಳೆಗೂಸುಗಳ ವಾರ್ಡಿನ ನರ್ಸಮ್ಮ, ನನ್ನ ಮಗಳು, ಎಷ್ಟು ಸೊರಗಿದ್ದಾಳೆ. ಬೆಳಿಗ್ಗೆ ಪಾಳಿಗೆ ಹೊರಡುವ ಮೊದಲು ಪೇಪರು ತಂದು ತಟ್ಟೆಯ ಪಕ್ಕದಲ್ಲೇ ಇಟ್ಟಳು, ನೋಡಪ್ಪಾ ನಿನ್ನ ಪ್ರೋಗ್ರೆಸ್ ಕಾರ್ಡು, ಯಾವುದೋ ಸಂಸ್ಥೆಯವರು ಪ್ರತಿಯೊಬ್ಬ ಶಾಸಕ ಹೊರಗೆ ಏನು ಹೇಳಿದ, ಒಳಗೆ ಏನು ಒತ್ತಿದ ಎಂದು ಎದುರೆದುರು ಅಚ್ಚು ಹಾಕಿಸಿದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ. ತನ್ನ ಪಟ್ಟಿಯಲ್ಲಿ, ಕೆರೆ ಉಳಿಸಿ ಎಂದವನು ಕೆರೆ ಮುಚ್ಚುವುದಕ್ಕೆ ಹೌದು, ಬಾಡಿಗೆದಾರರನ್ನು ಒಕ್ಕಲೆಬ್ಬಿಸಬೇಡಿ ಎಂದವನು ಒಕ್ಕಲೆಬ್ಬಿಸುವುದಕ್ಕೆ ಹೌದು, ನರ್ಸುಗಳ ಸಂಘದ ಸಭೆಯಲ್ಲಿ ಇವರು ಬರೀ ನರ್ಸುಗಳಲ್ಲ ನಮ್ಮ ತಾಯಂದಿರು ಎಂದು ಕಣ್ಣೊರೆಸಿಕೊಂಡವನು — ನಿಜವಾಗಿಯೂ ಅತ್ತಿದ್ದೆ, ನಾಟಕವಲ್ಲ — ನರ್ಸುಗಳನ್ನು ಕಡಿಮೆ ಮಾಡುವುದಕ್ಕೆ ಹೌದು, ಹೌದು, ಹೌದು, ಮೇಲಿನಿಂದ ಕೆಳಗಿನವರೆಗೆ ಹೌದು, ಕೊನೆಗೆ ಹೆಸರಿನ ಜಾಗದಲ್ಲಿ ಯಾರೋ ಕುಚೋದ್ಯಕ್ಕೆ ಹೌದಪ್ಪ ಎಂದೇ ಹಾಕಿದ್ದಾರೆ. ಓಣಿಯ ತುದಿಯ ಕ್ಷೌರಿಕ ಕೂಡ ಇವತ್ತು ಕತ್ತರಿ ಎತ್ತಿ ನಮಸ್ಕಾರ ಹೌದಪ್ಪೋರೆ ಅಂದ, ಪ್ರೀತಿಯಿಂದಲೇ ಅಂದ, ಅದೇ ಉರಿ. ಮಗಳು ಮಾತ್ರ ನಗಲಿಲ್ಲ, ಆ ನರ್ಸುಗಳ ಸಾಲಿನ ಮೇಲೆ ಬೆರಳಿಟ್ಟು, ಇದು ನೀನಲ್ಲ ಅಲ್ವೇನಪ್ಪಾ ಅಂದಳು. ಅಲ್ಲ ಕಣಮ್ಮ, ಅವತ್ತೇ ಹೇಳಿದ್ನಲ್ಲ, ನಾನು ಒಳಗೇ ಇರಲಿಲ್ಲ, ಟೀಗೆ ಹೋಗಿದ್ದೆ, ಬರೋವಷ್ಟರಲ್ಲಿ ಮೀಸೆ ನಂದೂ ಒತ್ತಿಬಿಟ್ಟಿದ್ದ. ಗೊತ್ತು ಅಪ್ಪ, ಅದೊಂದು ನಂಬಿಕೆ ಇರೋದಕ್ಕೇ ನಾನು ಈ ಮನೇಲಿ ನಿನ್ನ ಜೊತೆ ಕೂತು ಊಟ ಮಾಡ್ತಿರೋದು. ಅಷ್ಟು ಹೇಳಿ ಅವಳು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದು ಎದ್ದಳು.

ಅವಳ ಅಮ್ಮ ಹೋದದ್ದು ಅಂಥದೇ ವಾರ್ಡಿನಲ್ಲಿ, ದೊಡ್ಡವರ ವಾರ್ಡು, ನರ್ಸುಗಳನ್ನು ಕಡಿಮೆ ಮಾಡುವ ಆ ಕಾಯಿದೆ ಜಾರಿಗೆ ಬಂದು ಇನ್ನೂ ಹೊಸತು, ಉದ್ದನೆಯ ಕೋಣೆಗೆ ಒಬ್ಬಳೇ ನರ್ಸು, ಆ ಹುಡುಗಿಯಾದರೂ ಏನು ಮಾಡಬೇಕು ಪಾಪ, ಆ ತುದಿಯಲ್ಲಿ ಯಾರಿಗೋ ರಕ್ತ ಏರಿಸುತ್ತಿದ್ದಳಂತೆ, ಈ ತುದಿಯಲ್ಲಿ ಇವಳು ಬೆಲ್ಲು ಒತ್ತುತ್ತಿದ್ದಳು. ಹಾಸಿಗೆಯ ಪಕ್ಕ ಉದ್ದನೆಯ ವೈರಿನ ತುದಿಗೆ ಕಟ್ಟಿದ ಗುಂಡಿ, ಹಿಂದಿನ ಸಂಜೆ ತಾನೇ ಅದನ್ನು ಅವಳ ಕೈಗೆ ಕೊಟ್ಟು, ಏನಾದ್ರೂ ಆದ್ರೆ ಇದನ್ನೊತ್ತು, ಓಡಿ ಬರ್ತಾರೆ ಅಂದಿದ್ದ, ಶಾಸಕನ ಹೆಂಡತಿ ಅಂದ್ರೆ ಹಾರಿ ಬರ್ತಾರೆ ಬಿಡ್ರೀ ಎಂದು ಅವಳು ನಕ್ಕಿದ್ದಳು. ಬೆಳಕು ಹರಿದ ಮೇಲೆ ಮಗಳು ಅಲ್ಲಿಗೆ ಹೋದಾಗ ಬೆಲ್ಲು ಇನ್ನೂ ಬಡಿಯುತ್ತಲೇ ಇತ್ತು, ಉಸಿರು ನಿಂತು ಎಷ್ಟೋ ಹೊತ್ತಾಗಿದೆ, ಹೆಬ್ಬೆರಳು ಮಾತ್ರ ಗುಂಡಿಯ ಮೇಲೆ, ಉಗುರಿನ ಸುತ್ತ ರಕ್ತವಿಲ್ಲದ ಬಿಳಿ, ನಾನೇ ಬಿಡಿಸ್ದೆ ಅಪ್ಪ, ಬೇರೆಯವರಿಗೆ ಬರ್ಲಿಲ್ಲ, ಅಮ್ಮನ ಬೆರಳು ಏಳ್ತಾನೇ ಇರ್ಲಿಲ್ಲ. ಯಾಕೆ ಹೇಳಿದಳೋ ಅದನ್ನು, ಹೇಳದೆ ಇದ್ದಿದ್ದರೆ ಅವಳ ಗಂಟೇನು ಹೋಗುತ್ತಿತ್ತು, ಅಂದಿನಿಂದ ಅದು ಎಲ್ಲೆಂದರಲ್ಲಿ ಬರುತ್ತದೆ, ಲಿಫ್ಟಿನಲ್ಲಿ, ಯಾರದೋ ಮನೆಯ ಕರೆಗಂಟೆಯ ಮೇಲೆ, ಇಲ್ಲಿ ಈ ಮುಚ್ಚಳ ಎತ್ತಿದರೆ ಸಾಕು, ಬಿಳಿ ಹೆಬ್ಬೆರಳು. ನಾನು ಒತ್ತಲಿಲ್ಲವಲ್ಲ. ಅದೊಂದು ಪುಣ್ಯ. ಟೀಗೆ ಹೋಗಿದ್ದೆನಲ್ಲ, ಕ್ಯಾಂಟೀನಿನ ಕಿಟಕಿಯ ಪಕ್ಕ, ಸಾಸರು ಬಿರುಕು ಬಿಟ್ಟಿತ್ತು, ಟೀ ಸುಡುತ್ತಿತ್ತು — ಸುಡುತ್ತಿತ್ತೇ, ನಾಲಿಗೆಗೆ ನೆನಪಿಲ್ಲ, ಕಿಟಕಿಯ ಹೊರಗೆ ಏನಿತ್ತು, ಅದೂ ನೆನಪಿಲ್ಲ, ಸಾಸರಿನ ಬಿರುಕನ್ನು ತಾನು ಕಂಡಿದ್ದನೋ ಮಗಳಿಗೆ ಹೇಳುವಾಗ ಸೇರಿಸಿದ್ದೋ, ಹೇಳಿ ಹೇಳಿ ಈಗ ಕಾಣುತ್ತದೆ, ಕಂಡಿದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮೀಸೆ ಆಸ್ಪತ್ರೆಯಲ್ಲಿದ್ದಾಗ ಕೇಳಬೇಕೆಂದೇ ಹೋಗಿದ್ದ, ಏನಯ್ಯಾ ಆವತ್ತು ನಂದೂ ನೀನೇ ಒತ್ತಿದ್ದಲ್ವಾ ಎಂದು, ಮೂಗಿನ ನಳಿಕೆಯ ಕೆಳಗೆ ಮೀಸೆ ಜೋತುಬಿದ್ದಿತ್ತು, ಕಣ್ಣು ಇತ್ತ ತಿರುಗಿತು, ತುಟಿ ಏನೋ ಅಂದಿತು, ಅಷ್ಟರಲ್ಲಿ ಅವನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು, ಅಣ್ಣಾ ಮಾತಾಡಿಸ್ಬೇಡಿ, ಡಾಕ್ಟರು ಬೈತಾರೆ ಅಂದಳು. ಎದ್ದು ಬಂದ. ಬರುವಾಗ ಎದೆ ಹಗುರಾಗಿತ್ತು, ಸುಳ್ಳು ಯಾಕೆ.

ಗಂಟೆ. ಮತಕ್ಕೆ ಹಾಕುವ ಗಂಟೆ, ಮೊಗಸಾಲೆಯಲ್ಲಿ, ಕ್ಯಾಂಟೀನಿನಲ್ಲಿ, ಮೆಟ್ಟಿಲ ಕೆಳಗೆ, ಎಲ್ಲ ಕಡೆ ಒಟ್ಟಿಗೆ ಬಡಿಯುತ್ತದೆ, ಬಿಡುವೇ ಇಲ್ಲದ ಹಾಗೆ, ಯಾರಾದರೂ ಬನ್ನಿ ಯಾರಾದರೂ ಬನ್ನಿ ಅನ್ನುವ ಹಾಗೆ, ಸದಸ್ಯರು ಹೊಟ್ಟೆ ಹೊತ್ತುಕೊಂಡು ಓಡೋಡಿ ಬರುತ್ತಿದ್ದಾರೆ, ಗಂಟೆಗೆ ಎಷ್ಟು ಬೇಗ ಬರುತ್ತಾರೆ ಇವರು, ಇಲ್ಲಿ. ಬಾಗಿಲುಗಳು ಮುಚ್ಚಿದವು, ಅಗಳಿ ಬಿತ್ತು. ಯಾರು ಏನು ಒತ್ತಬೇಕೆಂದು ಪಕ್ಷದ ಪರವಾಗಿ ಹೇಳುವ ಸಚೇತಕ ಮುಂದಿನ ಸಾಲಿನಿಂದ ಕತ್ತು ತಿರುಗಿಸಿದ, ನಗುತ್ತಿದ್ದಾನೆ, ಬೆಳಿಗ್ಗೆಯೇ ಹೆಗಲ ಮೇಲೆ ಕೈಹಾಕಿ ಹೇಳಿದ್ದ, ಪೇಪರಿನವರು ನೂರು ಬರೀತಾರೆ ಅಣ್ಣ, ನೀವು ಅದನ್ನೆಲ್ಲ ತಲೆಗೆ ಹಚ್ಕೋಬೇಡಿ, ಇವತ್ತು ಕೆಂಪು ಒತ್ತಿದವರು ನಾಳೆ ಪಕ್ಷದಲ್ಲಿ ಇರಲ್ಲ, ಅಷ್ಟೇ ನಾನು ಹೇಳೋದು. ಇರದಿದ್ದರೆ ಬೇಡ. ಇವತ್ತು ಇಲ್ಲ ಅನ್ನುತ್ತೇನೆ, ಎಷ್ಟು ಚಿಕ್ಕ ಮಾತು, ಇಲ್ಲ, ನಾಲಿಗೆಯ ಮೇಲೆ ಆಡಿಸಿ ನೋಡಿದ, ಮಗು ಹಾಲು ಬೇಡವೆಂದರೂ ಇದಕ್ಕಿಂತ ಗಟ್ಟಿಯಾಗಿ ಅನ್ನುತ್ತದೆ. ಮೇಲೆ ಮಗಳು ಮುಂದಕ್ಕೆ ಬಾಗಿದ್ದಾಳೆ, ಕಂಬಿಯ ಮೇಲೆ ಎರಡೂ ಕೈ, ಅವಳ ಅಮ್ಮನ ಕೈಗಳೇ. ಟೀ ವಾಸನೆ ಹತ್ತಿರವಾಯಿತು. ಎಡಗಡೆ ಮೆತ್ತೆ ಉಸಿರು ಬಿಟ್ಟಿತು, ಸಣ್ಣಗೆ, ಭಾರ ಹೇರಿದರೆ ರೆಕ್ಸಿನ್ನು ಬಿಡುವ ಉಸಿರು, ನೋಡಬೇಡ, ನೋಡಿದರೆ ಇರುತ್ತಾನೆ. ಸದಸ್ಯರು ಮತ ನೀಡಬಹುದು ಎಂದು ಸಭಾಧ್ಯಕ್ಷರ ದನಿ, ಮುಚ್ಚಳ ಎತ್ತಿದ, ಕೆಂಪು ಗುಂಡಿ, ಇಷ್ಟು ವರ್ಷ ಕೂತರೂ ಮುಟ್ಟಿಯೇ ಇರಲಿಲ್ಲ, ಹೊಸದಾಗಿ ಹೊಳೆಯುತ್ತಿದೆ, ಬಲಗೈ ಹೆಬ್ಬೆರಳು ಇಟ್ಟ, ಒತ್ತಿದ, ಒತ್ತಿಬಿಟ್ಟ. ಹಲಗೆಯಲ್ಲಿ ತನ್ನ ಅಂಕಿಯ ಎದುರು ಕೆಂಪು. ಅಯ್ಯೋ ಅಯ್ಯೋ, ಬಂತಲ್ಲ, ಕೆಂಪು ಬಂತಲ್ಲ, ಇಷ್ಟೇನಾ, ಇಷ್ಟಕ್ಕೇ ಇಷ್ಟು ವರ್ಷ ಹೆದರಿದ್ದೆನಾ, ಕಣ್ಣಲ್ಲಿ ನೀರು, ನೋಡು ಮಗಳೇ, ನೋಡಿದ್ಯಾ ನಿಮ್ಮಪ್ಪನ್ನ, ತಲೆಯೆತ್ತಿ ಅವಳ ಮುಖ ಹುಡುಕಿದ, ಅವಳು ಎದ್ದುನಿಂತಿದ್ದಾಳೆ, ಆದರೆ ಹಲಗೆಯನ್ನು ನೋಡುತ್ತಿಲ್ಲ, ಅವನ ಮುಖವನ್ನೂ ನೋಡುತ್ತಿಲ್ಲ, ಕೆಳಗೆ, ಅವನ ಮೇಜನ್ನು ನೋಡುತ್ತಿದ್ದಾಳೆ, ಹಿಂದಿನ ಸಾಲಿನಲ್ಲಿ ಯಾರೋ ಹಾ ಎಂದರು, ಸಚೇತಕನ ನಗು ಅರ್ಧಕ್ಕೆ ನಿಂತಿದೆ, ಎಲ್ಲರೂ ಹಲಗೆಯತ್ತ ಕೈ ತೋರಿಸುತ್ತಿದ್ದಾರೆ, ತನ್ನ ಕೆಂಪಿನ ಪಕ್ಕ, ಮೀಸೆಯ ಅಂಕಿಯ ಎದುರು, ಹಸಿರು. ಲೈನ್ ತೆಗ್ದಿದೀವಿ ಸಾರ್. ಹಸಿರು, ಅಲುಗದ ಹಸಿರು. ಲೈನ್ ತೆಗೆದಿದ್ದಾರೆ, ಕರೆಂಟಿಲ್ಲ, ಮನುಷ್ಯನೂ ಇಲ್ಲ, ಯಾರು ಒತ್ತಿದರು — ಕೆಳಗೆ ನೋಡಿದ, ತನ್ನ ಎಡಗೈ ಚಾಚಿದೆ, ಅದು ಯಾವಾಗ ಹೋಯಿತೋ ಅವನಿಗೇ ತಿಳಿಯದು, ಕೇಳದೆ ಹೇಳದೆ ದಾರಿ ಗೊತ್ತಿರುವ ದನದ ಹಾಗೆ ಹೋಗಿದೆ, ಕಪ್ಪು ಟೇಪು ಹರಿದಿದೆ, ಹರಿದಲ್ಲಿ ಹೆಬ್ಬೆರಳು. ಆಗ ಬಾಗಿಲು ತೆರೆಯಿತು, ಈಗಿನ ಬಾಗಿಲಲ್ಲ, ಆವತ್ತಿನದು, ನರ್ಸುಗಳ ಕಾಯಿದೆಯ ದಿನದ್ದು, ತೆರೆದ ಬಾಗಿಲಿನಿಂದ ಟೀ ಕುಡಿದು ಬರುತ್ತಿದ್ದವನು ತಾನಲ್ಲ, ತಾನು ಇಲ್ಲೇ ಇದ್ದ, ಈ ಕುರ್ಚಿಯಲ್ಲೇ, ಎರಡು ಕೈ ಎರಡು ಕಡೆ, ಬರುತ್ತಿದ್ದವನು ಮೀಸೆ, ಒದ್ದೆ ಮೀಸೆಯನ್ನು ಅಂಗೈಯಲ್ಲಿ ಒರೆಸಿಕೊಳ್ಳುತ್ತಾ, ಕೂತು, ಮೆತ್ತೆ ಉಸಿರುಬಿಟ್ಟು, ಆಯ್ತಾ, ನಂದೂ ಒತ್ತಿದ್ಯಾ — ಹೂಂ ಕಣಯ್ಯಾ, ಆಯ್ತು, ನಿಂದೂ ಒತ್ತಿದೆ, ಅಂದದ್ದು ಯಾರ ದನಿ, ನನ್ನದು, ನನ್ನದೇ. ಮೇಲೆ ಮಗಳು ಕಂಬಿಯಿಂದ ಕೈ ತೆಗೆದಳು, ಒಂದು, ಆಮೇಲೆ ಇನ್ನೊಂದು, ಆವತ್ತು ಟೀಗೆ ಹೋದವನು ಯಾರೆಂದು ಅವಳಿಗೆ ಗೊತ್ತಾಯಿತು, ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತೆಗಿ, ಕೈ ತೆಗಿ, ಅವಳು ನೋಡುತ್ತಿದ್ದಾಳೆ ತೆಗಿ, ಎಳೆದ, ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದು ಎಳೆದ, ಬರುತ್ತಿಲ್ಲ, ಗಂಟೆ ಇನ್ನೂ ಬಡಿಯುತ್ತಿದೆ, ಯಾಕೆ ಇನ್ನೂ ಬಡಿಯುತ್ತಿದೆ, ಯಾರಾದರೂ ನಿಲ್ಲಿಸಿ, ಯಾರಾದರೂ ಬನ್ನಿ, ಬೆರಳು ಏಳುತ್ತಿಲ್ಲ, ಗುಂಡಿಯ ಮೇಲೆ ಹೆಬ್ಬೆರಳು, ಉಗುರಿನ ಸುತ್ತ ಬಿಳಿ, ಹೆಬ್ಬೆರಳು, ಬಿಳಿ