ಚಾರ್ಜರ್ ವಾಯರಿಗೆ ದಾರ ಸುತ್ತುವ ಉಮಾಪತಿ

ಉಮಾಪತಿಯವರು ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಗೋಡೆಯ ಮೇಲಿನ ಸ್ವಿಚ್ ಬೋರ್ಡನ್ನು. ಅಲ್ಲಿ ಮೊಬೈಲೊಂದು ಚಾರ್ಜಿಗೆ ಇದ್ದು, ಅದರ ವಾಯರು ಪಿನ್ನಿನ ಬುಡದಲ್ಲಿ ಮಡಚಿಕೊಂಡು ನೇತಾಡುತ್ತಿದ್ದರೆ ಮುಗಿಯಿತು. ಕೈಗೆ ಕೊಟ್ಟ ನೀರಿನ ತಂಬಿಗೆಯನ್ನು ಕೆಳಗಿಟ್ಟು, ಎದ್ದು ಹೋಗಿ, ಎರಡು ಬೆರಳಿನಿಂದ ವಾಯರನ್ನು ನೇರ ಮಾಡಿ, ಫೋನಿನ ಭಾರ ಅದರ ಮೇಲೆ ಬೀಳದ ಹಾಗೆ ಒಂದು ಡಬ್ಬಿಯನ್ನೋ ಪುಸ್ತಕವನ್ನೋ ಕೆಳಗೆ ಕೊಟ್ಟು, ಬಂದು ಕುಳಿತ ಮೇಲೆಯೇ ಅವರ ಬಾಯಿಂದ "ಎಲ್ಲಾರೂ ಆರಾಮ ಅದೀರೇನ್ರಿ" ಎಂಬ ಮಾತು ಹೊರಡುವುದು. ತಂಗಿಯ ಮಗನಿಗೆ ಕನ್ಯೆ ನೋಡಲು ಯಲಬುರ್ಗಾಕ್ಕೆ ಹೋದಾಗಲೂ ಹೀಗೇ ಆಯಿತು. ಹುಡುಗಿ ಚಹಾದ ತಟ್ಟೆ ಹಿಡಿದು ಒಳಗಿನಿಂದ ಬಂದಳು, ಎಲ್ಲರ ಕಣ್ಣೂ ಆಕೆಯ ಮೇಲೆ. ಸೋದರಮಾವನೆಂಬ ಈ ಮಹಾಶಯರು ಮಾತ್ರ ಜಮಖಾನೆಯ ಮೇಲೆ ಮೊಣಕಾಲೂರಿ ಸರಿಯುತ್ತ ಹುಡುಗಿಯ ಅಜ್ಜಿಯ ಬೆನ್ನ ಹಿಂದೆ ಮಾಯವಾಗಿದ್ದರು. ಹುಡುಗಿಯ ತಂದೆಗೆ ಸಿಟ್ಟು ಬಂತು, ಹುಡುಗಿಗೆ ನಗು ಬಂತು. ನಗುವೇ ಗೆದ್ದಿತೆಂದು ಕಾಣುತ್ತದೆ, ಸಂಬಂಧ ಕೂಡಿತು. ಆ ಮನೆಯವರು ಇವತ್ತಿಗೂ ಇವರನ್ನು "ವಾಯರ್ ಬೀಗರು" ಅಂತಲೇ ಕರೆಯುತ್ತಾರೆ.

ನಡಿಗೆಯೂ ಆ ಕಣ್ಣಿಗೆ ತಕ್ಕದ್ದೇ. ತಲೆ ಸ್ವಲ್ಪ ಬಲಕ್ಕೆ ವಾಲಿ, ದೃಷ್ಟಿ ಗೋಡೆಯ ಮೊಣಕಾಲೆತ್ತರದಲ್ಲಿ ನೆಟ್ಟು, ಕೊಪ್ಪಳದ ಬಸ್ ಸ್ಟ್ಯಾಂಡಿನ ಕಂಬಕಂಬದ ಬುಡವನ್ನು ಪರೀಕ್ಷಿಸುತ್ತ ಹೋಗುವ ಅರವತ್ತರ ಈ ಕೃಶಕಾಯರನ್ನು ನೋಡಿದವರು ಏನೋ ಕಳಕೊಂಡವರೆಂದು ಮರುಗುತ್ತಾರೆ. ಮೈಮೇಲೊಂದು ಕರಿ ಕೋಟು. ಅದು ಯಾರೋ ವಕೀಲರು ತಮ್ಮ ಫೋನಿನ ವಾಯರು ಎರಡು ವರ್ಷ ಬಾಳಿದ ಸಂತೋಷಕ್ಕೆ ಕೊಟ್ಟ ಹಳೆಯ ಕೋಟು. ಕಲ್ಲೂ ಬೆವರುವ ಏಪ್ರಿಲ್ಲಿನಲ್ಲೂ ಇವರು ಅದನ್ನು ಕಳಚುವುದಿಲ್ಲ, ಏಕೆಂದರೆ ಅದಕ್ಕೆ ಏಳು ಜೇಬು. ಒಂದರಲ್ಲಿ ನೂಲಿನ ಉಂಡೆಗಳು, ಇನ್ನೊಂದರಲ್ಲಿ ಕತ್ತರಿ, ಮತ್ತೊಂದರಲ್ಲಿ ಫೋನಿನ ತೂತಿನೊಳಗೆ ಕೂತ ಕಸವನ್ನು ಹೊರಗೆ ತೆಗೆಯುವ ಸಣ್ಣ ಬಿದಿರು ಕಡ್ಡಿಗಳು. ಕೋಟು ಕಂಡು ಮೋಸಹೋದ ಹಳ್ಳಿಯವರು ಹತ್ತಿರ ಬಂದು ಹೊಲದ ಬಾಂದಿನ ತಕರಾರನ್ನು ಉದ್ದಕ್ಕೆ ಬಿಚ್ಚಿಡುತ್ತಾರೆ. ಉಮಾಪತಿಯವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿ, ಕಡೆಗೆ ಬಹಳ ವಿನಯದಿಂದ ಹೇಳುತ್ತಾರೆ: "ಇದು ನನಗ ತಿಳಿಯಂಗಿಲ್ರಿ ಯಪ್ಪಾ. ನಿಮ್ಮ ಚಾರ್ಜರ್ ಇದ್ರ ತೋರಸ್ರಿ."

ನಾನೂ ಒಮ್ಮೆ ಅವರ ಕೈಗೆ ಸಿಕ್ಕಿಬಿದ್ದೆ. ಅವಸರದಲ್ಲಿ ಫೋನಿನ ವಾಯರನ್ನು ನಡುವೆ ಹಿಡಿದು ಸರಕ್ಕನೆ ಎಳೆದಿದ್ದೆ. ಅವರು ನನ್ನನ್ನು ನೋಡಿದ ರೀತಿಗೆ ನಾನು ಯಾವುದೋ ಜೀವವನ್ನೇ ಹಿಂಸಿಸಿದೆನೆಂದು ಒಂದು ಕ್ಷಣ ನನಗೇ ಅನ್ನಿಸಿತು. "ಕುರಿ ಹೊರಗ ತರೂದಿದ್ರ ಬಾಲ ಹಿಡದು ಎಳೀತೀರೇನ್ರಿ? ತಲಿ ಹಿಡೀರಿ, ತಲಿ," ಎಂದರು. ಅವತ್ತಿನಿಂದ ನಾನು ತಲೆಯನ್ನೇ ಹಿಡಿಯುತ್ತಿದ್ದೇನೆ.

ಈ ಹುಚ್ಚು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅವರು ಕಿನ್ನಾಳದವರು, ಗೊಂಬೆ ಮಾಡುವ ಮನೆತನದವರು. ನಲವತ್ತು ವರ್ಷ ಅವರು ಮಾಡಿದ್ದು ಕಟ್ಟಿಗೆಯ ಗೊಂಬೆಗಳಿಗೆ ಕಣ್ಣು ಬರೆಯುವ ಕೆಲಸ. ಮೈಯನ್ನು ಯಾರಾದರೂ ಕೆತ್ತಬಹುದು, ಬಣ್ಣವನ್ನು ಯಾರಾದರೂ ಬಳಿಯಬಹುದು. ಕಣ್ಣು ಬರೆಯುವ ಹೊತ್ತಿಗೆ ಕುಂಚ ಉಮಾಪತಿಯವರ ಕೈಗೇ ಬರಬೇಕಿತ್ತು. ಆರು ವರ್ಷದ ಹಿಂದೆ ಆ ಬಲಗೈ ನಡುಗಲು ಶುರುವಾಯಿತು. ಮೊದಮೊದಲು ಮನೆಯವರು ಕಂಡೂ ಕಾಣದಂತೆ ಕುಂಚವನ್ನು ಅವರ ಕೈಗೇ ಕೊಡುತ್ತಿದ್ದರು. ಒಂದು ದಿನ ತಾವೇ ಕಣ್ಣು ಬರೆದ ಗರುಡನ ಗೊಂಬೆಯೊಂದರ ಎದುರು ಕೂತು, ಅದರ ಎರಡು ಕಣ್ಣೂ ಎರಡು ದಿಕ್ಕಿಗೆ ನೋಡುವುದನ್ನು ಕಂಡು, ಕುಂಚವನ್ನು ತೊಳೆದು, ಒರೆಸಿ, ಜೊತೆಗೆ ಕೆಲಸ ಮಾಡುತ್ತಿದ್ದ ಅಳಿಯನ ಮುಂದಿಟ್ಟು ಎದ್ದುಬಿಟ್ಟರು. ಆಮೇಲೆ ಒಂದು ವರ್ಷ ಕಟ್ಟೆಯ ಮೇಲೆ ಕೂತದ್ದೇ ಕೂತದ್ದು. ಬದುಕಿಗೇನೂ ಕೊರತೆ ಇರಲಿಲ್ಲ. ಆದರೆ ಯಾರಾದರೂ ನಂಬಿ ಒಂದು ಕೆಲಸ ಒಪ್ಪಿಸುವಂಥದ್ದು ಈ ಕೈಯಲ್ಲಿ ಇನ್ನೇನಾದರೂ ಉಳಿದಿದೆಯೇ ಎಂಬುದೊಂದೇ ಅವರನ್ನು ಒಳಗಿನಿಂದ ತಿನ್ನುತ್ತಿತ್ತು.

ಹೆಂಡತಿ ಪಾರ್ವತೆಮ್ಮ ಮಹಿಳಾ ಸಂಘದ ಮುಖಂಡೆ. ಆಕೆಯ ಫೋನಿಗೆ ಪುರುಸೊತ್ತೆಂಬುದೇ ಇಲ್ಲ, ವಾಯರಿಗಂತೂ ಮೊದಲೇ ಇಲ್ಲ. ನಾಲ್ಕು ತಿಂಗಳಿಗೊಂದು ವಾಯರು ಪಿನ್ನಿನ ಬುಡದ ಕೊರಳಲ್ಲಿ ಸಡಿಲಾಗಿ, ಕಲ್ಲು ಹೇರಿದರೆ ಚಾರ್ಜು ಏರುವುದು, ಕಲ್ಲು ಸರಿದರೆ ನಿಲ್ಲುವುದು. ಒಂದು ಮಧ್ಯಾಹ್ನ ಆಕೆ ಹೊಸ ವಾಯರನ್ನು ಗಂಡನ ತೊಡೆಯ ಮೇಲೆ ಒಗೆದು, "ಸುಮ್ಮ ಕುಂತೀರಿ, ಇದು ಹರಿಯೂದಕ್ಕಿಂತ ಮೊದಲ ಇದರ ಕೊರಳಿಗೆ ಏನರ ಮಾಡ್ರಿ," ಎಂದರು. ಉಮಾಪತಿಯವರು ನೂಲು ತೆಗೆದುಕೊಂಡು ಸುತ್ತತೊಡಗಿದರು. ಸುತ್ತುತ್ತಿದ್ದ ಹಾಗೆ ಒಂದು ಸಂಗತಿ ಗಮನಕ್ಕೆ ಬಂತು. ಗಾಳಿಯಲ್ಲಿ ಹಿಡಿದ ಕುಂಚಕ್ಕೆ ನಡುಗುವ ಕೈ, ಬಿಗಿಯಾಗಿ ಎಳೆದು ಹಿಡಿದ ದಾರಕ್ಕೆ ನಡುಗುತ್ತಿರಲಿಲ್ಲ. ದಾರವೇ ಕೈಗೆ ಆಸರೆಯಾಗಿತ್ತು. ಅವರು ಆ ವಾಯರಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಸಂಜೆಯವರೆಗೆ ಎದ್ದೇಳಲಿಲ್ಲ.

ಅಲ್ಲಿಂದ ಓಣಿಯ ವಾಯರುಗಳೆಲ್ಲ ಅವರ ಕಟ್ಟೆಗೆ ಬಂದವು. ಹರಿದದ್ದನ್ನು ಅವರು ಮುಟ್ಟುತ್ತಿರಲಿಲ್ಲ. "ಸತ್ತದ್ದನ್ನ ಎಬ್ಬಸೂದು ನನ್ನ ಕೈಲೆ ಆಗಂಗಿಲ್ರಿ. ಬದುಕಿದ್ದು ತರ್ರಿ, ಬಾಳಿಕಿ ಬರೂವಂಗ ಮಾಡ್ತೀನಿ," ಎನ್ನುವರು. ಹೆಸರು ಹಬ್ಬಿತು. ಹಿಟ್ನಾಳದ ಕಡೆಯ ಅಂಗನವಾಡಿಗಳ ಮೇಲ್ವಿಚಾರಕಿ ಗೀತಾ ಮೇಡಂ ಒಂದು ದಿನ ನಲವತ್ತು ಹೊಸ ವಾಯರುಗಳ ಗಂಟನ್ನೇ ತಂದು ಮುಂದಿಟ್ಟರು. ಅಂಗನವಾಡಿಯವರು ಈಗ ಮಕ್ಕಳ ತೂಕ, ಎತ್ತರ, ಹಾಜರಿ ಎಲ್ಲವನ್ನೂ ಅಂದಂದೇ ಫೋನಿನಲ್ಲಿ ತುಂಬಬೇಕು; ಫೋನು ಸತ್ತರೆ ಆ ದಿನದ ಕೆಲಸ ಮಾಡಿಯೂ ಮಾಡದಂತೆ. "ಕಾಕಾ, ಎಲ್ಲಾ ನಿಮ್ಮ ಮ್ಯಾಲ ಹಾಕೀನ್ರಿ," ಎಂದರು ಮೇಡಂ. ಒಂದು ವರ್ಷ ಯಾರೂ ಏನೂ ಹಾಕದಿದ್ದ ಹೆಗಲಿಗೆ ಆ ಮಾತು ಎಷ್ಟು ಹಿತವಾಗಿರಬೇಕು.

ಹಿತವಾದದ್ದೇ ಹೆಚ್ಚಾಯಿತೆಂದು ತೋರುತ್ತದೆ. ಬರೀ ದಾರ ಇಷ್ಟು ದೊಡ್ಡ ಕೆಲಸಕ್ಕೆ ಸಾಲದು ಎಂದುಕೊಂಡ ಉಮಾಪತಿಯವರು ತಮ್ಮ ಮನೆತನದ ವಿದ್ಯೆಯನ್ನೇ ಹೊರತೆಗೆದರು. ಗೊಂಬೆಯ ತೋಳನ್ನು ಮೈಗೆ ಕೂಡಿಸುವಾಗ ನಾರನ್ನು ಪುಡಿ ಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಸಂದಿಗೆ ಮೆತ್ತುತ್ತಾರೆ. ಒಣಗಿದರೆ ಕಲ್ಲು, ಮೂರು ತಲೆಮಾರಿಗೂ ಬಿಡುವುದಿಲ್ಲ. ನಲವತ್ತು ವಾಯರಿನ ಕೊರಳಿಗೂ ದಾರ ಸುತ್ತಿ, ಅದರ ಮೇಲೆ ಆ ಅಂಟನ್ನು ಮೆತ್ತಿ, ಉಜ್ಜಿ ನುಣುಪು ಮಾಡಿ, ಕೆಂಪು ಹಸಿರು ಬಣ್ಣವನ್ನೂ ಹಚ್ಚಿ ಕಳಿಸಿದರು. ನೋಡಿದವರೆಲ್ಲ ಹೊಗಳಿದರು. ಎಷ್ಟು ಚೆಂದವೆಂದರೆ, ಕೆಲವರು ಅದನ್ನು ಚಾರ್ಜಿಗೆ ಹಚ್ಚಲು ಹಿಂದೆಮುಂದೆ ನೋಡಿದರಂತೆ.

ತಿಂಗಳಾಗುವುದರೊಳಗೆ ಒಂದೊಂದೇ ವಾಯರು ವಾಪಸು ಬರತೊಡಗಿತು. ಕಾಳುಕಡಿ ಇಡುವ ಅಂಗನವಾಡಿಗಳಲ್ಲಿ ಇಲಿಗಳಿಗೆ ಬರವೇ? ಹುಣಸೆ ಬೀಜದ ರುಚಿಗೆ ಅವು ಕೊರಳುಗಳನ್ನು ಸಾಲಾಗಿ ಕಡಿದು ಹಾಕಿದ್ದವು. ಇಲಿ ಮುಟ್ಟದೆ ಬಿಟ್ಟವು ಅಂಟು ಮುಗಿಯುವ ಜಾಗದಲ್ಲಿ ಸರಿಯಾಗಿ ಒಳಗೊಳಗೇ ತುಂಡಾಗಿದ್ದವು. ಕಡೆಗೆ ಬಂದವರು ಫಕೀರಮ್ಮ, ಹಿಟ್ನಾಳದ ಆಚೆಯ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ. ಎರಡು ದಿನ ಆಕೆಯ ಫೋನು ಸತ್ತು, ಲೆಕ್ಕಪತ್ರ ಹೋಗದೆ, ಮೇಲಿನಿಂದ ಆಕೆಗೆ ನೋಟೀಸು ಬಂದಿತ್ತು. ಆಕೆ ಕೂಗಾಡಲಿಲ್ಲ. ವಾಯರನ್ನು ಕಟ್ಟೆಯ ಮೇಲಿಟ್ಟು, "ಹನ್ನೆರಡು ವರ್ಷದ ನೌಕರಿಯಾಗ ಇದು ಮೊದಲನೇ ನೋಟೀಸ್ರಿ, ಕಾಕಾ," ಎಂದಷ್ಟೇ ಹೇಳಿ ಬಸ್ಸಿಗೆ ಹೋದರು. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಉಮಾಪತಿಯವರು ಇವತ್ತಿಗೂ ಅನ್ನುತ್ತಾರೆ.

ಆ ಮೇಲಿನ ಮೂರು ದಿನ ಅವರು ಸತ್ತ ವಾಯರುಗಳನ್ನು ಬ್ಲೇಡಿನಿಂದ ಸೀಳುತ್ತ ಕೂತರು. ಒಳಗಿನ ಕೂದಲೆಳೆಯಂಥ ತಾಮ್ರದ ತಂತಿಗಳು ಎಲ್ಲದರಲ್ಲೂ ಒಂದೇ ಕಡೆ ಮುರಿದದ್ದು ಕಾಣುತ್ತಿತ್ತು. ಏಕೆ ಎಂಬುದು ಹೊಳೆಯುತ್ತಿರಲಿಲ್ಲ. ಹೊಳೆದದ್ದು ಓಣಿಯ ಅಕ್ರಮ್‌ನ ಇಸ್ತ್ರಿ ಅಂಗಡಿಯಲ್ಲಿ. ಅಂಗಿ ತರಲು ಹೋದವರು ಇಸ್ತ್ರಿ ಪೆಟ್ಟಿಗೆಯ ಹಿಂದಿನ ವಾಯರನ್ನು ನೋಡುತ್ತ ನಿಂತುಬಿಟ್ಟರು. ಬೆಳಗಿನಿಂದ ಸಂಜೆಯವರೆಗೆ ಅತ್ತಿಂದಿತ್ತ ಬಾಗುವ ಅದರ ಬುಡದಲ್ಲಿ ಒಂದು ರಬ್ಬರಿನ ಬಾಲವಿತ್ತು. ಪೆಟ್ಟಿಗೆಯ ಕಡೆ ದಪ್ಪ, ತುದಿಗೆ ಹೋದಂತೆ ತೆಳ್ಳಗೆ.

"ಎಷ್ಟು ವರ್ಷಾತೋ ಅಕ್ರಮ್, ಈ ವಾಯರಿಗೆ?"

"ಹದಿನಾಲ್ಕು ಆತ್ರಿ ಕಾಕಾ. ನಡುವ ಒಮ್ಮೆ ರಬ್ಬರ್ ತಗದು ಗಟ್ಟಿ ಪೈಪ್ ಹಾಕಿದ್ದೆ. ತಿಂಗಳದಾಗ ವಾಯರ್ ಬುಡದಾಗ ಕಟ್ ಆತು, ಅಷ್ಟು ತುಂಡು ತಗದು ಇದನ್ನ ಮತ್ತ ಜೋಡಿಸಿದೆ. ಮತ್ತ ಮೆತ್ತಂದು ಹಾಕೀನಿ ನೋಡ್ರಿ."

ಉಮಾಪತಿಯವರು ಅಂಗಿಯನ್ನು ಮರೆತು ಮನೆಗೆ ಬಂದರು. ಗೊಂಬೆಯ ತೋಳು ಅಲುಗಬಾರದು. ವಾಯರಿನ ಕೊರಳು ಅಲುಗಲೇಬೇಕು. ತಾವು ನಲವತ್ತು ವಾಯರನ್ನೂ ಗೊಂಬೆಯೆಂದು ತಿಳಿದು ಗಟ್ಟಿ ಮಾಡಿದ್ದರು, ಬಾಗುವ ಭಾರವೆಲ್ಲ ಅಂಟು ಮುಗಿದ ಆ ಒಂದೇ ಗೆರೆಯ ಮೇಲೆ ಬಿದ್ದಿತ್ತು. ಗೊಂಬೆ ಮಾಡಿದವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು. ಅವತ್ತೇ ಅಂಟಿನ ಗಡಿಗೆಯನ್ನು ಅಳಿಯನಿಗೆ ಒಪ್ಪಿಸಿ, ಬರೀ ನೂಲಿನಿಂದ ಹೊಸ ಕಟ್ಟು ಶುರು ಮಾಡಿದರು. ಪಿನ್ನಿನ ಬುಡದಲ್ಲಿ ಮೂರು ಪದರ ಬಿಗಿ, ಆಮೇಲೆ ಎರಡು, ಆಮೇಲೆ ಒಂದು, ಕಡೆಗೆ ಸುತ್ತು ಸುತ್ತಿಗೂ ಅಂತರ ಬಿಟ್ಟು ಸಡಿಲ. ಎಲ್ಲಿ ಗಟ್ಟಿ ಮುಗಿಯಿತು, ಎಲ್ಲಿ ಮೆತ್ತಗೆ ಶುರುವಾಯಿತು ಎಂದು ಬೆರಳಿಗೆ ತಿಳಿಯಬಾರದು.

ತಿಳಿದುಕೊಂಡು ಮನೆಯಲ್ಲಿ ಕೂತಿದ್ದರೆ ಅವರ ಬಗ್ಗೆ ನಾನು ಬರೆಯುತ್ತಿರಲಿಲ್ಲ. ಉಮಾಪತಿಯವರು ನಲವತ್ತು ಹೆಸರುಗಳ ಚೀಟಿ ಹಿಡಿದು, ಅವರವರ ಹೊಸ ವಾಯರಿಗೆ ಈ ಸಲ ಸರಿಯಾಗಿ ಕಟ್ಟಿ ಕೊಡಲು ಊರೂರಿಗೆ ಹೊರಟರು. ಕೆಲವರು ನಗುತ್ತ ವಾಯರು ಕೊಟ್ಟರು, ಕೆಲವರು ನಗುತ್ತಲೇ ಕೊಡಲಿಲ್ಲ. ಫಕೀರಮ್ಮ ನಗಲೂ ಇಲ್ಲ. ಸ್ವಂತದ್ದೊಂದು ವಾಯರು ಕೊಂಡು ತಂದಿದ್ದರು. ಇವರನ್ನು ಬಾಗಿಲಲ್ಲಿ ಕಂಡದ್ದೇ ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

"ಹಳೇದು ನಿಮ್ಮ ಕಡೆನ ಐತಲ್ರಿ ಕಾಕಾ. ಹೊಸಾದು ಮುಟ್ಟಬ್ಯಾಡ್ರಿ. ನನಗ ಇನ್ನೊಂದು ನೋಟೀಸು ತಾಳಾಕ ಆಗೂದಿಲ್ಲ."

"ಖರೇ ಐತಿ ತಂಗೆವ್ವ. ನೀ ಹೇಳೂದು ಖರೇ ಐತಿ," ಎಂದು ಅವರು ಹೊರಟುಬಂದರು. ಮರುದಿನ ಮತ್ತೆ ಅದೇ ಬಾಗಿಲಿಗೆ ಹೋದರು. ಈ ಸಲ ಕೈಯಲ್ಲಿ ಹೊಸ ರೀತಿ ಕಟ್ಟಿದ ಒಂದು ವಾಯರಿತ್ತು, ಪಾರ್ವತೆಮ್ಮನದು, ಮನೆಯಲ್ಲಿದ್ದದ್ದು ಅದೊಂದೇ. ಫಕೀರಮ್ಮನ ಅಪ್ಪಣೆ ಪಡೆದು ಅದರ ಪಿನ್ನನ್ನು ಅಂಗನವಾಡಿಯ ಬಾಗಿಲ ಹಲಗೆಗೆ, ವಾಯರನ್ನು ಚೌಕಟ್ಟಿಗೆ ಕಟ್ಟಿದರು. ಬಾಗಿಲು ತೆರೆದಾಗೊಮ್ಮೆ, ಮುಚ್ಚಿದಾಗೊಮ್ಮೆ ಅದರ ಕೊರಳು ಬಾಗಬೇಕು. "ಹದಿನೈದು ದಿವಸ ಇರ್ಲಿ. ಆಮ್ಯಾಲ ಅದನ್ನ ನಿನ್ನ ಫೋನಿಗೆ ಹಚ್ಚಿ ನೋಡು," ಎಂದರು. ಇಪ್ಪತ್ತಾರು ಮಕ್ಕಳಿಗೆ ಅದೊಂದು ಹೊಸ ಆಟವಾಯಿತು. ಅಕ್ಷರ ಕಲಿಯುವುದನ್ನು ಬಿಟ್ಟು ಅವು ಸರದಿಯ ಮೇಲೆ ಬಾಗಿಲು ತೆರೆದು ಮುಚ್ಚುತ್ತಿದ್ದವು. ಇತ್ತ ಪಾರ್ವತೆಮ್ಮ ಹದಿನೈದು ದಿನ ಪಕ್ಕದ ಮನೆಯಲ್ಲಿ ಫೋನಿಟ್ಟು, ಸಂಘದ ಹೆಂಗಸರಿಗೆಲ್ಲ ಗಂಡನ ಪ್ರತಾಪ ವರ್ಣಿಸುತ್ತ ಕಾಲ ನೂಕಿದರು.

ಹದಿನಾರನೆಯ ದಿನ ಉಮಾಪತಿಯವರು ಹೋಗಿ ಬಾಗಿಲ ಎದುರಿಗೇ ಕೂತರು. ಫಕೀರಮ್ಮ ತಾವೇ ವಾಯರನ್ನು ಬಾಗಿಲಿನಿಂದ ಬಿಚ್ಚಿ, ಧೂಳು ಒರೆಸಿ, ಫೋನಿಗೆ ಹಚ್ಚಿದರು. ಚಾರ್ಜು ಏರತೊಡಗಿತು. ಆಕೆ ವಾಯರನ್ನು ಆ ಕಡೆ ಬಾಗಿಸಿದರು, ಈ ಕಡೆ ಬಾಗಿಸಿದರು, ಏರುತ್ತಲೇ ಇತ್ತು. ಆಕೆ ಎದ್ದು ಕಪಾಟಿನ ಕೀಲಿ ತೆಗೆದು, ತಮ್ಮ ಹೊಸ ವಾಯರನ್ನು ತಂದು ಅವರ ಮುಂದಿಟ್ಟರು.

"ಇದಕ್ಕೂ ಕಟ್ಟಿ ಕೊಡ್ರಿ ಕಾಕಾ. ಇಲ್ಲೇ ಕುಂತು ಕಟ್ರಿ, ನಾನೂ ನೋಡ್ತೀನಿ, ಹೆಂಗ ಕಟ್ತೀರಿ ಅಂತ."

ಕೆಟ್ಟದ್ದನ್ನು ಜನ ಯಾರ ಕೈಗಾದರೂ ಕೊಡುತ್ತಾರೆ, ಹೋದರೆ ಹೋಯಿತೆಂದು. ಹೊಸದನ್ನು ಒಪ್ಪಿಸುವುದು ನಂಬಿಗೆಯ ಕೈಗೆ ಮಾತ್ರ. ಅದೂ ಒಮ್ಮೆ ಕೆಡಿಸಿದ ಕೈಗೇ ಎರಡನೆಯ ಸಲ ಒಪ್ಪಿಸಬೇಕಾದರೆ, ಆ ಕೈಯವನು ನಡುವೆ ಬಹಳ ದೂರ ನಡೆದಿರಬೇಕು. ತಪ್ಪೇ ಮಾಡದ ಕುಶಲಿಗಳು ಲೋಕದಲ್ಲಿ ಇರಬಹುದು, ನಾನು ಕಂಡಿಲ್ಲ. ನಾನು ಕಂಡವರಲ್ಲಿ ನನಗೆ ದೊಡ್ಡವರಾಗಿ ತೋರಿದವರು ಉಮಾಪತಿಯವರ ಬಗೆಯವರು: ತಾವು ಕೆಡಿಸಿದ್ದು ಯಾವ ಯಾವ ಮನೆಯಲ್ಲಿದೆ ಎಂಬುದನ್ನು ಮರೆಯದೆ, ಯಾರೂ ಕರೆಯದಿದ್ದರೂ ಆ ಬಾಗಿಲಿಗೆ ಮತ್ತೆ ಹೋಗಿ ನಿಲ್ಲುವವರು. ಅಂಥವರು ಊರಿಗೊಬ್ಬರಿದ್ದರೂ ಸಾಕು, ಆ ಊರಿನ ಸಾಮಾನುಗಳಿಗೂ ಬಾಳಿಕೆ ಇರುತ್ತದೆ, ಮನುಷ್ಯರ ನಡುವಿನ ಮಾತಿಗೂ ಇರುತ್ತದೆ.